ಹಳೆ ಕಲ್ಲಿನ ನೆಂಟರು

ಹಳೆ ಸೀರೆ ಕೊಂಡರೆ ಅದನ್ನು ಮೊದಲು ಉಟ್ಟವಳು ಹುಡುಕಿಕೊಂಡು ಬರುವುದಿಲ್ಲ. ಹಳೆ ತಪೇಲಿ ಕೊಂಡರೆ ಒಂದು ಸಲ ಕಲಾಯಿ ಹಾಕಿಸಿದರೆ ಅದು ನಮ್ಮದೇ. ಹಳೆ ಕಲ್ಲು ಕೊಂಡು ಮನೆ ಕಟ್ಟಿದವರ ಕತೆ ಮಾತ್ರ ಬೇರೆ. ಅವರ ಬಾಗಿಲಿಗೆ ಇವತ್ತು ಒಬ್ಬರು, ನಾಳೆ ಇನ್ನೊಬ್ಬರು ಬಂದು ನಿಲ್ಲುತ್ತಲೇ ಇರುತ್ತಾರೆ. ನಾನು ಅನುಭವಿಸಿ ಹೇಳುತ್ತಿದ್ದೇನೆ, ಕೇಳಿದವರು ನಗುತ್ತಾರೆ. ನಗಲಿ. ಆಗ ನನಗಂತೂ ನಗು ಬಂದಿರಲಿಲ್ಲ.

ಜರ್ಮನಿಯವರ ಯುದ್ಧ ನಡೆದಿದ್ದ ಕಾಲ. ಕೊಪ್ಪಳದಲ್ಲಿ ನಮ್ಮ ಭಾವನವರ ಮನೆಯ ಬಂಕದಲ್ಲಿ ನನ್ನ ಸಂಸಾರ. ಬಂಕವೆಂದರೆ ತಲಬಾಗಿಲು ದಾಟಿದ ಕೂಡಲೇ ದನ ಕಟ್ಟುವ ಜಾಗ. ಆ ಬದಿಗೆ ನೆಗೆಣ್ಣಿಯ, ಅಂದರೆ ಭಾವನವರ ಹೆಂಡತಿಯ, ಎಮ್ಮೆ, ಈ ಬದಿಗೆ ಮೂರು ಒಲೆಗುಂಡಿನ ನನ್ನ ಒಲೆ. ನಾನು ರೊಟ್ಟಿ ಬಡಿದು ಬುಟ್ಟಿಗೆ ಹಾಕಿ ತಿರುಗುವುದರೊಳಗೆ ಎಮ್ಮೆ ಕುತ್ತಿಗೆ ಚಾಚಿ ಮೇಲಿನ ರೊಟ್ಟಿ ಎಳೆದುಕೊಳ್ಳುತ್ತಿತ್ತು. ನೆಗೆಣ್ಣಿಗೆ ಹೇಳಿದರೆ, "ಎಮ್ಮಿಗಿ ನಿನ್ನ ಕೈರುಚಿ ಹತ್ತೇತಿ ನೋಡವ್ವಾ, ನಾ ಹಾಕಿದ್ದು ಮೂಸೂದಿಲ್ಲ" ಅನ್ನುತ್ತಿದ್ದರು. ನನಗೆ ಅರಮನೆ ಬೇಕಾಗಿರಲಿಲ್ಲ. ನನ್ನದೇ ಒಂದು ಅಡಿಗೆಮನೆ, ಅದಕ್ಕೊಂದು ಬಾಗಿಲು, ಆ ಬಾಗಿಲಿಗೊಂದು ಚಿಲಕ. ಇಷ್ಟೇ.

ಖಾಲಿ ಬಂಡಿ

ನಮ್ಮ ಮನೆಯವರದು ಬಾಡಿಗೆ ಬಂಡಿ. ಅಡತಿ ಅಂಗಡಿಗಳ ಮಾಲನ್ನು ಕುಷ್ಟಗಿಗೋ ಯಲಬುರ್ಗಿಗೋ ಗಂಗಾವತಿಗೋ ಒಯ್ದು ಇಳಿಸಿ ಬರುವುದು. ಬರುವಾಗ ಬಂಡಿ ಖಾಲಿ. ಅದೇ ಅವರಿಗೆ ದೊಡ್ಡ ಸಂಕಟ. "ಖಾಲಿ ಬಂಡಿ ಹೊಡ್ಕೊಂಡ ಊರೊಳಗ ಬರೂದಂದ್ರ ಬರಿಗೈಲೆ ನೆಂಟರ ಮನಿಗಿ ಹೋದಂಗ" ಅನ್ನುತ್ತಿದ್ದರು. ಬಂಡೆ ಸಿಡಿಸುವ ಮದ್ದು ಯುದ್ಧದ ಪಾಲಾಗಿ ಹೊಸ ಕಲ್ಲು ಸಿಗುವುದು ದುರ್ಲಭವಾಗಿತ್ತು. ಬಿದ್ದ ಮನೆಗಳಿಗೆ ಮಾತ್ರ ಯಾವ ಊರಿನಲ್ಲೂ ಬರ ಇರಲಿಲ್ಲ.

"ಕಲ್ಲಿಗೆ ಮುಪ್ಪಿಲ್ಲ," ಎಂದು ಒಂದು ದಿನ ನನ್ನನ್ನು ಕೂರಿಸಿಕೊಂಡು ಹೇಳಿದರು. "ಮನಿ ಬಿತ್ತಂದ್ರ ಅದು ಮಣ್ಣಿನ ತಪ್ಪು, ಕಟಿಗಿ ತಪ್ಪು. ಕಲ್ಲಿನ ತಪ್ಪಲ್ಲ. ಬರೂವಾಗೆಲ್ಲಾ ಒಂದೊಂದು ಬಂಡಿ ಹಳೆ ಕಲ್ಲು ಹೇರ್ಕೊಂಡು ಬರತೀನಿ. ನೀ ನೋಡ್ತಿರು, ಬ್ಯಾಸಗಿ ಕಳಿಯೂದ್ರಾಗ ಮನಿ."

ಯಾವ ಬೇಸಿಗೆ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ, ಖುಷಿಯಲ್ಲಿದ್ದೆ.

ಮೊದಲ ಬಂಡಿ ಕುಷ್ಟಗಿಯಿಂದ ಬಂತು. ಓಣಿಯ ಹೆಂಗಸರೆಲ್ಲ ನೋಡಲು ನಿಂತರು. ನಾನು ಮುಖ ತೊಳೆದು ಕುಂಕುಮ ಹಚ್ಚಿಕೊಂಡು ಹೊರಗೆ ಬಂದರೆ, ಬಂಡಿಯ ತುಂಬ ಒಂದೇ ಕಲ್ಲು. ದನ ನೀರು ಕುಡಿಯುವ ದೋಣಿ. ಆಳೊಬ್ಬ ಮಲಗುವಷ್ಟು ಉದ್ದ.

"ಇದರಾಗ ಅಡಗಿ ಮಾಡ್ಲೇನ್ರಿ?" ಅಂದೆ.

"ಬಚ್ಚಲಿಗೆ ಆಕ್ಕೇತಿ. ಪುಕ್ಕಟ ಕೊಟ್ರು."

ಮನೆಯೇ ಇಲ್ಲದವಳಿಗೆ ಬಚ್ಚಲಿನ ದೋಣಿ. ಅದನ್ನು ಇಳಿಸಲು ಜಾಗವಿಲ್ಲದೆ ಬಂಕದಲ್ಲೇ ಇಳಿಸಿದರು. ಇಳಿಸಿದ್ದು ನನ್ನ ಒಲೆಯ ಜಾಗದಲ್ಲಿ. ನನ್ನ ಒಲೆ ಹೊರಗೆ ಕಟ್ಟೆಗೆ ಬಂತು. ಎಮ್ಮೆ ಮಾತ್ರ ಅಂದಿನಿಂದ ಕೈಕಾಲು ಚಾಚಿಕೊಂಡು ದೋಣಿಯ ನೀರು ಕುಡಿದು ನೆಮ್ಮದಿಯಿಂದ ಇತ್ತು. ನಾವು ಮನೆ ಕಟ್ಟಲು ಹೊರಟು ಮೊದಲು ನೆಲೆ ಮಾಡಿಕೊಟ್ಟದ್ದು ಅದಕ್ಕೆ.

ತಲೆಯ ಕಲ್ಲು, ಕಾಲಿನ ಕಲ್ಲು

ಕಲ್ಲು ಒಟ್ಟಾಗುತ್ತಾ ಹೋಯಿತು. ಊರ ಅಂಚಿನಲ್ಲಿ ನಮ್ಮ ಪಾಲಿಗೆ ಬಂದಿದ್ದ ಖುಲ್ಲಾ ಜಾಗದಲ್ಲಿ ಗುಡ್ಡದಷ್ಟು ಎತ್ತರ. ಆಗ ನಮ್ಮ ಮನೆಯವರು ಒಬ್ಬ ಗೌಂಡಿಯನ್ನು ಕರೆತಂದರು. ಬಿಳಿ ಗಡ್ಡದ ಸಾಬರು, ಊರೆಲ್ಲ ಚಾಚಾ ಅನ್ನುತ್ತಿತ್ತು. ಕೆಲಸ ಗಟ್ಟಿ, ಹಟ ಅದಕ್ಕಿಂತ ಗಟ್ಟಿ.

ಬಂದವರು ಕರಣೆ ಮುಟ್ಟಲಿಲ್ಲ. ಕಲ್ಲುಗಳ ಸುತ್ತ ನಡೆದರು. ಒಂದೊಂದನ್ನೂ ಹೊರಳಿಸಿ ಕೈಯಾಡಿಸಿದರು. ಸವೆದದ್ದು ಎಲ್ಲಿ, ಮಸಿ ಎಲ್ಲಿ, ಎಣ್ಣೆಯ ಕಲೆ ಎಲ್ಲಿ ಎಂದು ನೋಡಿದರು. ನಾನು ಚಹಾ ಮಾಡಿ ಕೊಟ್ಟೆ. ಕುಡಿದು ಮತ್ತೆ ಹೊರಳಿಸಿದರು. ಹೀಗೇ ವಾರವಾಯಿತು.

"ಚಾಚಾ, ಕಟ್ಟೂದು ಯಾವಾಗ?"

"ಬೇಟಿ, ಜಲ್ದಿ ಮಾಡಬ್ಯಾಡ. ಮಂದಿ ಕಾಲಾಗ ಇದ್ದ ಕಲ್ಲು ಮಂದಿ ತಲಿ ಮ್ಯಾಲ ಇಡಬಾರ್ದು. ತಲಿ ಮ್ಯಾಲ ಇದ್ದದ್ದು ಕಾಲಾಗ ಹಾಕಬಾರ್ದು. ಬುನಾದಿದು ಬುನಾದಿಗೆ, ಗ್ವಾಡಿದು ಗ್ವಾಡಿಗೆ. ನಮ್ಮಪ್ಪಾನೂ ಹಿಂಗ ಕಟ್ಟಿದ, ನಾನೂ ಹಿಂಗ ಕಟ್ಟತೀನಿ."

ಒಳ್ಳೆಯದಾಯಿತು, ಬೇರೆ ಬೇರೆ ಮಾಡಿ ಅಂದೆ. ಮಾಡಿದರು. ಮಾಡಿ ಮುಗಿಸಿದ ದಿನ ಸಂಜೆ ನಮ್ಮಿಬ್ಬರನ್ನೂ ಕರೆದರು. ಒಂದು ಕಡೆ ದೊಡ್ಡ ರಾಶಿ, ಇನ್ನೊಂದು ಕಡೆ ಬರಿ ನೆಲ.

"ಇದು ಏನ್ರಿ?" ಎಂದರು ನಮ್ಮ ಮನೆಯವರು.

"ಇದು ತಲಿ ಕಲ್ಲಿನ ರಾಶಿ."

"ಮತ್ತ ಅದು?"

"ಅದು ಕಾಲಿನ ಕಲ್ಲಿಂದು."

ವಿಷಯ ಇಷ್ಟೇ. ಮನೆ ಬೀಳುವಾಗ ಮೇಲಿನದೇ ಮೊದಲು ಬೀಳುತ್ತದೆ. ಬಿದ್ದದ್ದನ್ನೇ ಇವರು ಹೇರಿಕೊಂಡು ಬಂದಿದ್ದರು. ಬುನಾದಿಯ ಕಲ್ಲುಗಳೆಲ್ಲ ಆಯಾ ಊರಿನ ನೆಲದಲ್ಲಿ ಹಾಗೇ ಹೂತಿದ್ದವು. ಬಂಡಿಗಟ್ಟಲೆ ಕಲ್ಲು ತಂದೂ ನೆಲ ಮುಟ್ಟುವ ಯೋಗ್ಯತೆ ಇರುವ ಕಲ್ಲು ನಮ್ಮಲ್ಲಿ ಒಂದೂ ಇರಲಿಲ್ಲ. ನನಗೆ ಅಳು ಬಂತು. "ಚಾಚಾ, ಈ ಒಂದು ಸಲ ಹೆಂಗರ ಮಾಡಿ ಇದರಾಗ ಶುರು ಮಾಡ್ರಿ" ಎಂದು ಕೈ ಮುಗಿದೆ.

ಚಾಚಾ ಗಡ್ಡ ನೀವಿಕೊಂಡು ರಾಶಿಯ ಸುತ್ತ ಮತ್ತೊಮ್ಮೆ ನಡೆದು ಬಂದರು. ಮುಖದಲ್ಲಿ ನಿಜವಾದ ದುಃಖವಿತ್ತು.

"ಮಾಡತಿದ್ದೆ ಬೇಟಿ. ಆದ್ರ ಮಾಳಿಗಿಯಿಂದ ಕೆಳಕ್ಕ ಕಟ್ಟಾಕ ನಂಗ ಬರೂದಿಲ್ಲ."

ಗುಂಡು

ಹಾಗಾಗಿ ನೆಲದ ಕಲ್ಲಿನ ಬೇಟೆ ಶುರುವಾಯಿತು. ಬಿದ್ದ ಮನೆಗಳ ಬುನಾದಿ ಅಗೆದು ಒಂದಿಷ್ಟು ತಂದರು, ಮೂಲೆಗೊಂದು ಗಟ್ಟಿ ಕಲ್ಲು ಬೇಕಿತ್ತು. ಹುಲಿಹೈದರದ ಕಡೆ ಒಂದು ಹಳ್ಳದ ದಂಡೆಯಲ್ಲಿ ಅರ್ಧ ಹೂತಿದ್ದ ದುಂಡು ಕಲ್ಲೊಂದು ಇವರ ಕಣ್ಣಿಗೆ ಬಿತ್ತು. ದೊಡ್ಡ ಕುಂಬಳಕಾಯಿಯಂಥದು, ನುಣ್ಣಗೆ, ಭಾರ. ಯಾರದೆಂದು ಕೇಳಿದರೆ ಯಾರೂ ಹೂಂ ಅನ್ನಲಿಲ್ಲ. ತಂದರು. ಚಾಚಾ ಹೊರಳಿಸಿ ನೋಡಿ, ಇದು ಎಂದೂ ಯಾರ ತಲೆಯ ಮೇಲೂ ಇದ್ದದ್ದಲ್ಲ ಎಂದು ತೀರ್ಪು ಕೊಟ್ಟು ಬುನಾದಿಯ ಮೂಲೆಗೆ ಇಟ್ಟರು. ಅರಿಶಿನ ಹಚ್ಚಿ, ಕಾಯಿ ಒಡೆದು, ಅದರ ಮೇಲೆ ಗೋಡೆ ಎದೆಮಟ್ಟ ಬಂತು. ಆ ದಿನ ನಾನು ಕಟ್ಟೆಯ ಮೇಲೆ ಕೂತು ರೊಟ್ಟಿ ಬಡಿಯುತ್ತಾ ಹಾಡು ಹೇಳಿಕೊಂಡೆ.

ಮರುವಾರ ಹುಲಿಹೈದರದ ಕಡೆಯಿಂದ ಹತ್ತಾರು ಮಂದಿ ಬಂದರು. ನಡುವೆ ಒಬ್ಬ ಹರೆಯದವ, ಕಚ್ಚೆ ಬಿಗಿದು, ಮೈಗೆ ಎಣ್ಣೆ ತಿಕ್ಕಿಕೊಂಡು.

"ನಮ್ಮ ಗುಂಡು ನಿಮ್ಮ ಗ್ವಾಡ್ಯಾಗ ಐತಂತಲ್ರಿ?"

ಅದು ಅವರ ಊರಿನ ಗರಡಿಯ ಗುಂಡಂತೆ. ಮಳೆಗೆ ಹಳ್ಳದ ಪಾಲಾಗಿತ್ತಂತೆ. ಅದನ್ನು ಎದೆಮಟ್ಟ ಎತ್ತಿ ಹಿಂದಕ್ಕೆ ಒಗೆದವನಿಗೇ ಆ ಊರಿನಲ್ಲಿ ಹೆಣ್ಣು ಕೊಡುವ ಪದ್ಧತಿ. ಗುಂಡು ಕಳೆದ ಮೇಲೆ ಮದುವೆಗಳು ನಿಂತು ಹೋಗಿದ್ದವು.

ನಾನು ಅಂದೆ, "ಒಯ್ಯಬ್ಯಾಡ್ರಿ, ಅರಿಶಿಣ ಹಚ್ಚೇವಿ."

"ಛೇ ಛೇ, ಒಯ್ಯೂದ್ಯಾಕ್ರಿ? ಬುನಾದಿಗೆ ಇಟ್ಟ ಕಲ್ಲು ಕಿತ್ತು ಒಯ್ದ್ರ ಪಾಪ ಬರತೈತಿ. ಎತ್ತಿ ಮತ್ತ ಅಲ್ಲೇ ಇಟ್ಟು ಹೋಕ್ಕೀವಿ."

ಮಾತಿಗೆ ತಪ್ಪುವ ಮಂದಿಯಲ್ಲ. ಗೋಡೆಯ ಕಲ್ಲು ಒಂದೊಂದೇ ಮರ್ಯಾದೆಯಿಂದ ತೆಗೆದರು. ಹುಡುಗ ಗುಂಡು ಎತ್ತಿದ. ಹಿಂದಕ್ಕೆ ಒಗೆದ. ಅಲ್ಲಿ ಇದ್ದದ್ದು ನನ್ನ ಇನ್ನೊಂದು ಗೋಡೆ. ಎಲ್ಲರೂ ಶಿಳ್ಳೆ ಹಾಕಿದರು. ಗುಂಡನ್ನು ಮತ್ತೆ ಅದರ ಜಾಗಕ್ಕೆ ತಂದಿಟ್ಟು, ಮುಟ್ಟಿ ನಮಸ್ಕಾರ ಮಾಡಿ, ಹೋದರು. ಚಾಚಾ ಮತ್ತೆ ಕಟ್ಟಿದರು. ಮುಂದಿನ ತಿಂಗಳು ಇನ್ನೊಬ್ಬ ವರ ಬಂದ.

ಒಮ್ಮೆ ಒಬ್ಬ ಹಿರಿಯರು ಒಬ್ಬರೇ ಬಂದು ನಮ್ಮ ಜಾಗದ ಮುಂದೆ ನಿಂತರು. ಹೆಣ್ಣಿನ ತಂದೆ. "ನಮ್ಮ ಅಳಿಯ ಆಗಾಂವ ಗುಂಡು ಎತ್ತೇನಂತಾನ. ಖರೇನೇನ್ರಿ?" ಎಂದು ಕೇಳಿದರು. ನಾನು ಬಾಯಿ ಬಿಡುವ ಮೊದಲೇ ಬಿದ್ದ ಗೋಡೆಯ ಕಡೆ ನೋಡಿದರು. "ಹಾಂ, ಖರೇ ಐತಿ" ಎಂದು ತಲೆಯಾಡಿಸಿ, ಸಂತೋಷದಿಂದ ಹೊರಟೇ ಹೋದರು.

ಕೊನೆಗೆ ಚಾಚಾ ಆ ಮೂಲೆಯಲ್ಲಿ ಗುಂಡಿನ ಮೇಲೊಂದು ದೊಡ್ಡ ಗೂಡು ಬಿಟ್ಟು, ಗೋಡೆ ಬಿಚ್ಚದೆ ಗುಂಡು ತೆಗೆಯುವಂತೆ ಏರಿಸಿದರು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರಲ್ಲ, ಎರಡನ್ನೂ ಒಟ್ಟಿಗೇ ನೋಡಿದವಳು ನಾನೊಬ್ಬಳೇ ಇರಬೇಕು. ನನ್ನ ಗೋಡೆ ಬಿದ್ದಾಗಲೆಲ್ಲ ಅವರ ಊರಿನಲ್ಲಿ ಬಾಸಿಂಗ ಕಟ್ಟುತ್ತಿದ್ದರು.

ಬಾಂದಕಲ್ಲು

ಈ ಕತೆ ಸಣ್ಣದು. ಹುಲಿಗಿಯ ದಾರಿಯಲ್ಲಿ ಸಿಕ್ಕ ಚಪ್ಪಟೆ ಕಲ್ಲೊಂದನ್ನು ಹೊಸ ಜಾಗದ ಹಿತ್ತಲಿನಲ್ಲಿ ಬಟ್ಟೆ ಒಗೆಯಲು ಹಾಕಿಸಿಕೊಂಡಿದ್ದೆ. ಒಂದು ಮಧ್ಯಾಹ್ನ ಬಟ್ಟೆ ಒಗೆಯುತ್ತಿದ್ದಾಗ ಪಟಕಾ ಸುತ್ತಿದ ರೈತರೊಬ್ಬರು ಬಂದು ನಿಂತರು. ಕಲ್ಲನ್ನು ನೋಡಿದರು, ತಾವು ಬಂದ ದಾರಿಯನ್ನು ನೋಡಿದರು, ಮತ್ತೆ ಕಲ್ಲನ್ನು ನೋಡಿದರು.

"ಏನ್ರಿ ಯಜಮಾನ್ರ?"

"ಇದು ನಮ್ಮ ಹೊಲದ ಬಾಂದಕಲ್ಲ್ರೀ."

ಹೊಲದ ಮೇರೆ ತೋರಿಸಲು ಹುಗಿಯುವ ಕಲ್ಲು ಅದು. ಸರಕಾರಿ ತಕರಾರು ಆಗುತ್ತದೆ, ಕಂದಾಯದ ಗಿರ್ದಾವರ ಬರುತ್ತಾನೆ, ಇವರನ್ನು ಕಚೇರಿಗೆ ಕರೆಸುತ್ತಾರೆ ಎಂದು ಹೆದರಿ, "ತಗೊಂಡು ಹೋಗ್ರಿ, ಗೊತ್ತಿರಲಿಲ್ರಿ, ಈಗ ಬಂಡಿ ಕಟ್ಟಸ್ತೀನಿ" ಅಂದೆ.

"ಯಾಕವ್ವಾ ತ್ರಾಸ? ಇಲ್ಲೇ ಇರ್ಲಿ ಬಿಡ್ರಿ." ರೈತರು ಬಹಳ ಸಮಾಧಾನದಿಂದ ಹೇಳಿದರು. ನನ್ನ ಬಟ್ಟೆಯ ಬುಟ್ಟಿ, ಒಣಹಾಕಿದ ಸೀರೆ, ಅರ್ಧ ಎದ್ದ ಗೋಡೆ ಎಲ್ಲವನ್ನೂ ಮತ್ತೊಮ್ಮೆ ಕಣ್ಣಳತೆಯಲ್ಲಿ ಅಳೆದರು. "ಬಾಂದಕಲ್ಲು ಇರೂತನಕ ನಮ್ಮ ಹೊಲ. ನಮಗೇನು ಅಡ್ಡಿಲ್ಲ. ಇಲ್ಲಿ ಸಜ್ಜಿ ಬಿತ್ತಿದ್ರ ಬರತೈತೋ ಇಲ್ಲೋ, ಅಷ್ಟು ಹೇಳ್ರಿ."

ಹೊಸ್ತಿಲು

ಇಷ್ಟೆಲ್ಲ ಆಗಿ ಪಡಸಾಲೆಯ ಗೋಡೆಗಳು ಎದ್ದವು. ಬಾಗಿಲವಾಡ ನಿಂತಿತು, ಕುಷ್ಟಗಿಯ ಕಡೆಯಿಂದ ತಂದ ಕಲ್ಲಿನ ಹೊಸ್ತಿಲು ಕೂತಿತು. ಮಾಳಿಗೆ ಇರಲಿಲ್ಲ. ಅಡಿಗೆಮನೆ ಇನ್ನೂ ಚಾಚಾನ ಮನಸ್ಸಿನಲ್ಲೇ ಇತ್ತು.

ನಾಗರಪಂಚಮಿಯ ಹಿಂದಿನ ದಿನ ಹೋಗಿ ನೋಡಿದರೆ, ನನ್ನ ವಯಸ್ಸಿನ ಹೆಣ್ಣುಮಗಳೊಬ್ಬಳು ಗಂಟು ಪಕ್ಕಕ್ಕಿಟ್ಟು ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದಾಳೆ. ಹಚ್ಚಿ, ಹಣೆ ಮುಟ್ಟಿಸಿ, ಅದರ ಮುಂದೆ ಕೂತು ಅಳತೊಡಗಿದಳು. ನನಗೆ ಸಿಟ್ಟು ಬಂತು. ಇವಳು ಯಾವ ಕಲ್ಲಿನ ಮೇಲೆ ಹಕ್ಕು ಹೇಳಲು ಬಂದಳೋ, ಇನ್ನು ಬಾಗಿಲನ್ನೂ ಕಿತ್ತುಕೊಡಬೇಕೋ ಏನೋ!

"ಯಾರವ್ವಾ ನೀನು?"

"ಈ ಮನಿ ಮಗಳು ರೀ."

"ಇದು ನಮ್ಮ ಮನಿ."

"ಮನಿ ನಿಮ್ದಽ ಇರ್ಲಿ ರೀ. ಹೊಸ್ತಿಲಾ ನಮ್ದು. ಇಲ್ನೋಡ್ರಿ, ಮೂಲಿ ಒಡದೈತಲ್ಲ, ಸಣ್ಣಾಕಿದ್ದಾಗ ನಾನಽ ಕುಟ್ಟಾಣಿಲೆ ಕುಟ್ಟಿ ಒಡದಿದ್ದೆ. ನಮ್ಮವ್ವ ಬಡದಿದ್ಲು." ಹೇಳುತ್ತಲೇ ಮೂಲೆಯ ಮೇಲೆ ಬೆರಳಾಡಿಸಿದಳು. ಅವಳ ಅಪ್ಪ ಅವ್ವ ತೀರಿಹೋದರಂತೆ, ಅಣ್ಣ ಮನೆ ಕೆಡವಿ ಕಲ್ಲನ್ನು ಕೊಪ್ಪಳದ ಬಂಡಿಗೆ ಮಾರಿ ಸೊಲ್ಲಾಪುರದ ಗಿರಣಿಗೆ ಹೋದನಂತೆ. "ಪಂಚಮಿ ಬಂತು, ವಾರಿಗಿಯವರೆಲ್ಲಾ ತವರಿಗೆ ಹೊಂಟ್ರು. ನಿನ್ನ ತವರು ಎಲ್ಲೈತಿ ಅಂತ ನಮ್ಮತ್ತಿ ಕೇಳಿದ್ಲು. ಸಿಟ್ಟಿಗೆದ್ದು ಕೊಪ್ಪಳದಾಗೈತಿ ಅಂದೆ. ಅಂದಮ್ಯಾಲ ಬರಬೇಕಾತು."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಪಕ್ಕದಲ್ಲಿ ಕೂತು ನಾನೂ ಅತ್ತೆ. ಅವಳಿಗೆ ತವರಿಲ್ಲವೆಂದು ಅತ್ತೆನೋ, ನನಗೆ ಮನೆಯಿಲ್ಲವೆಂದು ಅತ್ತೆನೋ, ಇವತ್ತಿಗೂ ನನಗೆ ಹೇಳಲು ಬರುವುದಿಲ್ಲ. ಅವಳನ್ನು ಕರೆದುಕೊಂಡು ಬಂದು, ಕಟ್ಟೆಯ ಒಲೆಯ ಮೇಲೆ ಶೇಂಗಾದ ಉಂಡಿ, ಎಳ್ಳಿನ ಉಂಡಿ ಕಟ್ಟಿದೆ. ಬೇವಿನ ಮರಕ್ಕೆ ಜೋಕಾಲಿ ಹಾಕಿದರು ನಮ್ಮ ಮನೆಯವರು, ಅಣ್ಣನಂತೆ ನಿಂತು ತೂಗಿದರು. ಹೋಗುವ ದಿನ ಮಾಳಿಗೆಯಿಲ್ಲದ ಪಡಸಾಲೆಯಲ್ಲಿ ಮಣೆ ಹಾಕಿ ಕೂರಿಸಿ, ಕುಬುಸದ ಖಣ, ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬಿದೆ. ಕಾಲಿಗೆ ಬಿದ್ದಳು.

ಗಂಟು ಎತ್ತಿಕೊಂಡು ಹೊಸ್ತಿಲು ದಾಟಿದವಳು ತಿರುಗಿ ಮೇಲೆ ನೋಡಿದಳು. ಆಕಾಶ ಕಾಣುತ್ತಿತ್ತು.

"ವೈನೀ, ಬರೂ ಪಂಚಮಿಯಷ್ಟರಾಗ ಮಾಳಿಗಿ ಹಾಕಸ್ರಿ. ಮುಂದಿನ ಸಲ ನಮ್ಮತ್ತೀನೂ ಬರಾಕಿ ಅದಾಳ. ತವರಿಗೆ ಮಾಳಿಗಿ ಇಲ್ಲಂದ್ರ ನನ್ನ ಆಡ್ಕೋತಾಳ."

ಅಣ್ಣತಮ್ಮರ ಗೋಡೆ

ಮಾಳಿಗೆಯೂ ಆಯಿತು ಎನ್ನಿ, ಪಡಸಾಲೆಯ ಮೇಲೆ. ಉಳಿದದ್ದು ಅಡಿಗೆಮನೆ. ಅದಕ್ಕೆ ಯಲಬುರ್ಗಿಯ ಹತ್ತಿರದ ಒಂದು ಹಳ್ಳಿಯ ಕಲ್ಲು. ಅಲ್ಲಿ ಅಣ್ಣತಮ್ಮಂದಿರು ಪಾಲಾಗಿ, ಹಿರಿಯರ ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಲಾರದೆ, ಇಡೀ ಮನೆ ಕೆಡವಿ ಕಲ್ಲನ್ನೂ ಪಾಲು ಮಾಡಿಕೊಂಡಿದ್ದರು. ಗುರುತಿಗೆಂದು ಅಣ್ಣ ತನ್ನವಕ್ಕೆ ಸುಣ್ಣ ಬಳಿದಿದ್ದ, ತಮ್ಮ ತನ್ನವಕ್ಕೆ ಕೆಮ್ಮಣ್ಣು. ಒಂದು ಸಲ ಅಣ್ಣನ ಕಲ್ಲು ತಂದರು ಇವರು, ಇನ್ನೊಂದು ಸಲ ತಮ್ಮನದು. ಚಾಚಾಗೂ ಒಪ್ಪಿಗೆಯಾಯಿತು, ಬುನಾದಿ ಸಮೇತ ಬಂದಿತ್ತು. ಗೋಡೆ ಏಳತೊಡಗಿತು. ನಾನು ಒಲೆ ಎಲ್ಲಿ, ನೀರಿನ ಕೊಡ ಎಲ್ಲಿ, ಬೀಸುಕಲ್ಲು ಎಲ್ಲಿ ಎಂದು ನೆಲದ ಮೇಲೆ ಗೆರೆ ಎಳೆದಿಟ್ಟೆ.

ಸಂತೆಯ ದಿನ ತಮ್ಮ ಬಂದ. ಗೋಡೆ ನೋಡಿದವನೇ ಚೀಲ ಕೆಳಗೆ ಒಗೆದ.

"ನಮ್ಮಣ್ಣನ ಕಲ್ಲು ನನ್ನ ಕಲ್ಲಿನ ಮ್ಯಾಲ ಯಾಕ ಕುಂತೈತಿ?"

"ಗ್ವಾಡಿ ಅಂದ್ರ ಒಂದರ ಮ್ಯಾಲ ಒಂದು ಕುಂದ್ರಬೇಕಲ್ಲಪ್ಪಾ" ಎಂದರು ಚಾಚಾ.

"ಮನ್ಯಾಗಿದ್ದಾಗ ತಲಿ ಮ್ಯಾಲ ಕುಂತಿದ್ದ, ಇಲ್ಲೂ ಕುಂದ್ರಬೇಕೇನು?"

ಅವನು ಅಲ್ಲೇ ಉಪವಾಸ ಕೂತ. ಊಟ ಮಾಡದೆ ಕೂತವನನ್ನು ಬಾಗಿಲಲ್ಲಿಟ್ಟುಕೊಂಡು ನಾವು ಹೇಗೆ ಊಟ ಮಾಡುವುದು? ಚಾಚಾ ಗೊಣಗುತ್ತಲೇ ಬಿಚ್ಚಿ, ಕೆಂಪು ಮೇಲೆ ಬಿಳಿ ಕೆಳಗೆ ಮಾಡಿದರು. ಮುಂದಿನ ಸಂತೆಗೆ ಅಣ್ಣ ಬಂದ. ಬಿಳಿ ಮೇಲಾಯಿತು. ಅದರ ಮುಂದಿನ ಸಂತೆಗೆ ತಮ್ಮ. ಸಂತೆಗೆ ಬಂದವರು ಬದನೆಕಾಯಿ ಕೊಂಡು, ಬೆಲ್ಲ ಕೊಂಡು, ಕೊನೆಗೆ ನಮ್ಮ ಗೋಡೆ ನೋಡಿಕೊಂಡು ಊರಿಗೆ ಹೋಗುವುದು ರೂಢಿಯಾಯಿತು. ಈ ವಾರ ಯಾರು ಮೇಲೆ ಎಂದು ಓಣಿಯವರು ನನ್ನನ್ನು ಕೇಳುತ್ತಿದ್ದರು.

ಬೇರೆ ದಾರಿ ಕಾಣದೆ ಕೆಂಪಿನದೊಂದು ಗೋಡೆ, ಬಿಳಿಯದೊಂದು ಗೋಡೆ, ಎದುರುಬದುರು ಕಟ್ಟಿಸಿದೆವು. ಅಣ್ಣ ಬಂದು ಬಿಳಿ ನೋಡಿ ಹೂಂ ಅಂದ. ತಮ್ಮ ಬಂದು ಕೆಂಪು ನೋಡಿ ಹೂಂ ಅಂದ. ತೊಲೆ ಇಡುವುದೊಂದು ಬಾಕಿ. ನನಗೆ ಆ ವಾರ ಅನ್ನ ಸೇರಲಿಲ್ಲ, ಅಷ್ಟು ಸಂತೋಷ.

ಮುಂದಿನ ಸಂತೆಗೆ ಇಬ್ಬರೂ ಬಂದರು. ಒಟ್ಟಿಗೆ. ಅಣ್ಣನ ಕೈ ತಮ್ಮನ ಹೆಗಲ ಮೇಲೆ.

"ನಿಮ್ಮ ಉಪಕಾರ ಭಾಳ ಆತು ತಾಯೀ," ಎಂದ ಅಣ್ಣ. ಕಣ್ಣಲ್ಲಿ ನೀರು. "ನಮ್ಮಿಬ್ಬರ ಕಲ್ಲು ಮಾರಿಗೆ ಮಾರಿ ನಿಂತದ್ದು ನೋಡಿ ನಮಗ ನಾಚಿಕಿ ಬಂತು. ಒಂದಾದ್ವಿ."

"ಛಲೋ ಆತಪ್ಪಾ," ಅಂದೆ. ನಿಜವಾಗಿಯೂ ಸಂತೋಷದಿಂದಲೇ ಅಂದೆ.

"ಹೌದ್ರಿ," ಎಂದ ತಮ್ಮ. "ಕಲ್ಲು ಕೊಡ್ರಿ, ಮನಿ ಕಟ್ಟತೀವಿ."

ನಾನು ಬೇಡವೆಂದು ಹೇಳುವ ಮೊದಲೇ ನಮ್ಮ ಮನೆಯವರು ಎತ್ತು ಹೂಡಲು ಹೋಗಿದ್ದರು. ಊರಿಗೆ ಉಪಕಾರಿ, ಮನೆಗೆ ಮಾರಿ. ಆ ಕಡೆ ಮಾಲು ಒಯ್ಯುವುದಿತ್ತು, ಬಂಡಿಯಲ್ಲಿ ಜಾಗವೂ ಇತ್ತಂತೆ. ಎರಡೂ ಗೋಡೆ ಬಿಚ್ಚಿ ಹೇರಿದರು. ನಾನು ಎಳೆದ ಗೆರೆಗಳು ಮಾತ್ರ ನೆಲದ ಮೇಲೆ ಉಳಿದವು. ನಾನು ಅದರ ಮಧ್ಯೆ ಕೂತು ಗಟ್ಟಿಯಾಗಿ ಅತ್ತೆ. ಇನ್ನು ನನ್ನ ಹಣೆಯಲ್ಲಿ ಒಲೆ ಬರೆದಿಲ್ಲ, ಈ ಜನ್ಮಕ್ಕೆ ಎಮ್ಮೆಯ ಪಕ್ಕವೇ ಗತಿ ಎಂದು ಅತ್ತೆ. ಚಾಚಾ ಹತ್ತಿರ ಬಂದು ನಿಂತರು. ಏನಾದರೂ ಸಮಾಧಾನ ಹೇಳುತ್ತಾರೆಂದುಕೊಂಡೆ.

"ಅಳಬ್ಯಾಡ ಬೇಟಿ," ಎಂದರು. "ಹೆಂಗ ನೋಡಿದ್ರೂ ಆ ಗ್ವಾಡಿ ಸ್ವಲ್ಪ ಸೊಟ್ಟ ಇತ್ತು."

ಮನೆ ಒಕ್ಕಲು

ಆಮೇಲೆ ನಾನು ಯಾರ ಮಾತೂ ಕೇಳಲಿಲ್ಲ. ಕೆರೆಯ ಮಣ್ಣು ತರಿಸಿ, ಸೀರೆ ಎತ್ತಿ ಕಟ್ಟಿ, ನಾನೇ ತುಳಿದು, ಹಸಿ ಇಟ್ಟಂಗಿ ಹಾಕಿ ಒಣಗಿಸಿದೆ. ಹಟದ ಚಾಚಾ ಮಣ್ಣಿನ ಇಟ್ಟಂಗಿಗೆ ತಲೆಯೂ ಇಲ್ಲ ಕಾಲೂ ಇಲ್ಲ ಎಂದು ಹಗುರಾಗಿ, ಒಂದೇ ಸವನೆ ಕಟ್ಟಿ ಮುಗಿಸಿದರು. ಆ ಗೋಡೆಗೆ ಯಾವ ಊರಿನ ನೆಂಟರೂ ಇರಲಿಲ್ಲ. ಬಾಗಿಲು ಕೂತಿತು. ಚಿಲಕವೂ ಬಂತು. ಹಾಕಿ ತೆಗೆದು, ತೆಗೆದು ಹಾಕಿ, ಅದರ ಸದ್ದು ಕೇಳಿದೆ.

ಮನೆ ಒಕ್ಕಲಿಗೆ ನಮ್ಮ ನಾಲ್ಕು ಮಂದಿ ಸಾಕು ಅಂದಿದ್ದೆ. ನಮ್ಮ ಮನೆಯವರು ಹೂಂ ಅಂದಿದ್ದರು. ಆದರೆ ಬಂಡಿ ಹೊಡೆದುಕೊಂಡು ಹೋದಲ್ಲೆಲ್ಲ, ಯಾವ ಊರಿನಿಂದ ಕಲ್ಲು ತಂದಿದ್ದರೋ ಆ ಊರಿನಲ್ಲೆಲ್ಲ ನಿಂತು, "ನಿಮ್ಮ ಕಲ್ಲಿನ ಮನಿ ಮುಗೀತು, ಬರ್ರಿ" ಎಂದು ಹೇಳಿ ಬಂದಿದ್ದರು.

ಬಂದರು. ಹುಲಿಹೈದರದ ಕಡೆಯ ಮಂದಿ ಗುಂಡೆತ್ತಿದ ಅಳಿಯಂದಿರ ಸಮೇತ ಬಂದರು. ಯಲಬುರ್ಗಿಯ ಅಣ್ಣತಮ್ಮಂದಿರು ಒಂದೇ ಬಂಡಿಯಲ್ಲಿ ಬಂದರು. ಹೊಸ್ತಿಲಿನ ಮಗಳು ಅತ್ತೆಯನ್ನೂ ಕರೆದುಕೊಂಡು ಬಂದು, ಮಾಳಿಗೆ ತೋರಿಸಿ, ತಲೆಯೆತ್ತಿ ನಡೆದಳು. ಬಾಂದಕಲ್ಲಿನ ರೈತರೂ ಬಂದು, ಹಿತ್ತಲಿಗೆ ಹೋಗಿ ಮಣ್ಣು ಹಿಡಿದು ನೋಡಿದರು. ಕಲ್ಲು ಇದ್ದವರೆಲ್ಲ ತಮ್ಮ ತಮ್ಮದನ್ನು ಹುಡುಕಿ ಅದಕ್ಕೆ ಬೆನ್ನು ಕೊಟ್ಟು ಕೂತರು. ತಮ್ಮ ಮನೆಯ ಗೋಡೆಗೆ ಒರಗಿದಷ್ಟೇ ಸಲಿಗೆ. ಮಕ್ಕಳಿಗೆ ತೋರಿಸುತ್ತಿದ್ದರು, "ಇಲ್ಲೇ ನೋಡು, ನಿಮ್ಮಜ್ಜ ಇದಕ್ಕ ಹೊಂದಿ ಕುಂದ್ರತಿದ್ದ." ನನಗೆ ಸಿಟ್ಟು ಮಾಡಲೂ ಆಗಲಿಲ್ಲ.

ನಾನು ಮಾತ್ರ ಬೆಳಗಿನಿಂದ ನನ್ನ ಅಡಿಗೆಮನೆಯಲ್ಲಿ. ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು. ಮುಖ ಮಸಿಯಾಗಿತ್ತು, ಉಟ್ಟ ಹೊಸ ಸೀರೆಯ ಸೆರಗಿಗೂ ಮಸಿ. ಎರಡನೇ ಪಂಕ್ತಿಯಲ್ಲೇ ತುಪ್ಪ ತೀರಿತು. ತರಲು ನೆಗೆಣ್ಣಿಯ ಮನೆಗೆ ಓಡಿದೆ. ತಿರುಗಿ ಬರುವಾಗ ನಮ್ಮ ತಲಬಾಗಿಲಲ್ಲಿ ದಪ್ಪನೆಯ ಹೆಣ್ಣುಮಗಳೊಬ್ಬರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಅವರನ್ನು ನಾನು ಹಿಂದೆ ಕಂಡವಳಲ್ಲ. ಹುಲಿಹೈದರದ ಕಡೆಯ ಯಾವುದೋ ವರನ ತಾಯಿಯಂತೆ. ಗದ್ದಲ ನೋಡಲಾರದೆ, ಒಳಗೆ ಬಿಡುವ ಯಜಮಾನಿಕೆಯನ್ನು ತಾವೇ ತಲೆ ಮೇಲೆ ಹಾಕಿಕೊಂಡಿದ್ದರು.

ತುಪ್ಪದ ಗಿಂಡಿ ಹಿಡಿದು ಒಳಗೆ ನುಗ್ಗಲು ಹೋದ ನನಗೆ ಕೈ ಅಡ್ಡ ಇಟ್ಟರು.

"ತಡೀ ತಂಗಿ, ಹಂಗ ಹೋಗಂಗಿಲ್ಲ. ನೀ ಯಾವ ಕಲ್ಲಿನ ಕಡಿಯಾಕಿ?"

ಇಷ್ಟು ವರ್ಷ ಬಿಸಿಲಲ್ಲಿ, ಮಳೆಯಲ್ಲಿ, ಕಟ್ಟೆಯ ಮೇಲೆ ಅಡಿಗೆ ಮಾಡಿ, ಅತ್ತು, ಮಣ್ಣು ತುಳಿದು ಕಟ್ಟಿದ ಮನೆ. ಅದರ ಬಾಗಿಲಲ್ಲಿ ನಿಂತು, ನಾನು ಯಾರ ಕಡೆಯವಳೆಂದು ಹೇಳಬೇಕಾಗಿ ಬಂತಲ್ಲ! ಒಳಗೆ ನೋಡಿದೆ. ಗೋಡೆ ಗೋಡೆಗೂ ಜನ. ನನ್ನದೆನ್ನುವ ಒಂದು ಕಲ್ಲೂ ಅಲ್ಲಿ ಇರಲಿಲ್ಲ. ಕಣ್ಣು ತುಂಬಿ ಬಂತು, ಅದರ ಜೊತೆಗೇ ಏಕೋ ನಗುವೂ ಬಂತು.

"ನಾ ಒಲಿಗುಂಡಿನ ಕಡಿಯಾಕ್ರಿ," ಅಂದೆ.

ಆಕೆ ನನ್ನ ಮುಖದ ಮಸಿ, ಸೆರಗಿನ ಮಸಿ ನೋಡಿ ತಕ್ಷಣ ದಾರಿ ಬಿಟ್ಟರು.

"ಅಯ್ಯ, ಹಂಗಾದ್ರ ಇಲ್ಲ್ಯಾಕ ನಿಂತ್ಯವ್ವಾ? ಲಗೂನ ಒಳಗ ಹೋಗು! ಸಾರು ತೀರೇತಿ, ಈ ಮನಿ ಹೆಣ್ಮಗಳು ಎಲ್ಲಿ ಹಾಳಾಗಿ ಹೋಗ್ಯಾಳೋ, ಯಾರಿಗೂ ಗೊತ್ತಿಲ್ಲ!"